ಟ್ರ್ಯಾಕ್ಟರ್ ಸಾಗಣೆಯಲ್ಲಿ ತೋರಿದ ನಿರ್ಲಕ್ಷ್ಯ ಮತ್ತು ಅದರಿಂದಾದ ಹಾನಿಯ ಕುರಿತು ದೂರು

ಇವರಿಂದ:
ಅಡಿಕೆ ಕೃಷಿಕ, ಬೆಳ್ತಂಗಡಿ ತಾಲ್ಲೂಕು, ದಕ್ಷಿಣ ಕನ್ನಡ ಜಿಲ್ಲೆ

ಇವರಿಗೆ:
ವ್ಯವಸ್ಥಾಪಕರು, ಸರಕು ಸಾಗಣೆ ಸಂಸ್ಥೆ, ಚಿಕ್ಕಮಗಳೂರು

ದಿನಾಂಕ: 24-11-2025

ವಿಷಯ: ಚಿಕ್ಕಮಗಳೂರಿನಿಂದ ಉಜಿರೆಯ ಕಡೆಗೆ ತಮ್ಮ ವಾಹನದಲ್ಲಿ ಸಾಗಿಸಿದ ಮಿನಿ ಟ್ರ್ಯಾಕ್ಟರ್ ಮತ್ತು ರೋಟವೇಟರಿಗೆ ಆದ ಹಾನಿ, ಪರಿಹಾರದ ಕೋರಿಕೆ ಹಾಗೂ ಕಾನೂನುಬದ್ಧ ಸೂಚನೆ.

ಮಾನ್ಯರೇ,

ಚಿಕ್ಕಮಗಳೂರು ಸಮೀಪದ ಕಾಫಿ ಬೆಳೆಗಾರರೊಬ್ಬರಿಂದ ನಾನು ಕೊಂಡ ಬಳಸಿದ ಮಿನಿ ಟ್ರ್ಯಾಕ್ಟರನ್ನು, ಅದಕ್ಕೆ ಜೋಡಿಸುವ ರೋಟವೇಟರ್ (ತಿರುಗುವ ಅಲಗುಗಳಿಂದ ಮಣ್ಣು ಉಳುವ ಉಪಕರಣ) ಸಮೇತ ನನ್ನ ತೋಟಕ್ಕೆ ತಲುಪಿಸಿಕೊಡುವುದಕ್ಕಾಗಿ ಈ ತಿಂಗಳ 12ರಂದು ತಮ್ಮ ಕಚೇರಿಯಲ್ಲಿ ಗಾಡಿ ಗೊತ್ತುಮಾಡಿ, ಬಾಡಿಗೆ 14,000 ರೂಪಾಯಿಯನ್ನು ಮುಂಗಡವಾಗಿಯೇ ಪಾವತಿಸಿದ್ದೆ. ಯಂತ್ರದ ತೂಕ, ಉದ್ದ, ಹೋಗಬೇಕಾದ ದಾರಿ, ಇಳಿಸುವ ಜಾಗ ಎಲ್ಲವನ್ನೂ ತಮ್ಮ ಸಿಬ್ಬಂದಿ ಕೇಳಿ ಬರೆದುಕೊಂಡಿದ್ದರು. ಹದಿನಾಲ್ಕು ಅಡಿ ಉದ್ದದ ಗಾಡಿ, ಹತ್ತಿಸಲು ಕಬ್ಬಿಣದ ರ್‍ಯಾಂಪ್, ಬಿಗಿಯಲು ಸರಪಳಿ, ಜೊತೆಗೆ ಒಬ್ಬ ಸಹಾಯಕ ಎಂಬ ಮಾತಿನ ಮೇಲೆಯೇ ಈ ದರ ನಿಗದಿಯಾಗಿತ್ತು. ಮರುದಿನ ಬೆಳಿಗ್ಗೆ ಬಂದದ್ದು ಸುಮಾರು ಒಂಬತ್ತು ಅಡಿಯ ಪಿಕಪ್ ವಾಹನ. ಅದರಲ್ಲಿ ರ್‍ಯಾಂಪ್ ಇರಲಿಲ್ಲ, ಸರಪಳಿ ಇರಲಿಲ್ಲ, ಚಾಲಕನ ಜೊತೆಗೆ ಸಹಾಯಕನೂ ಇರಲಿಲ್ಲ. ಕಚೇರಿಗೆ ಕರೆ ಮಾಡಿದಾಗ ದೊಡ್ಡ ಗಾಡಿ ಬೇರೆ ಬಾಡಿಗೆಗೆ ಹೋಗಿದೆಯೆಂದೂ, ಮಿನಿ ಟ್ರ್ಯಾಕ್ಟರಿಗೆ ಪಿಕಪ್ ಧಾರಾಳವಾಗಿ ಸಾಕೆಂದೂ ಉತ್ತರ ಬಂತು.

ಅಲ್ಲಿಂದ ಮುಂದೆ ನಡೆದುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ. ಏಕೆಂದರೆ ಹಾನಿಯ ಬಗ್ಗೆ ದೂರವಾಣಿಯಲ್ಲಿ ತಿಳಿಸಿದಾಗ ತಮ್ಮ ಕಡೆಯವರು ಅದನ್ನು ‘ಘಾಟಿ ರಸ್ತೆಯಲ್ಲಿ ಸಹಜವಾಗಿ ಆಗುವ ಸಣ್ಣಪುಟ್ಟ ಏಟು’ ಎಂದು ತಳ್ಳಿಹಾಕಿದರು. ಆದ ಹಾನಿಯ ಪ್ರತಿಯೊಂದು ಅಂಶವೂ ಯಂತ್ರವನ್ನು ಹತ್ತಿಸಿದ, ನಿಲ್ಲಿಸಿದ ಮತ್ತು ಕಟ್ಟಿದ ರೀತಿಯಿಂದಲೇ ಬಂದದ್ದು.

ರ್‍ಯಾಂಪ್ ಇಲ್ಲದ ಕಾರಣ ಚಾಲಕನು ಎಸ್ಟೇಟಿನ ಗೋದಾಮಿನಿಂದ ಆರಡಿಯ ಎರಡು ಮರದ ಹಲಗೆಗಳನ್ನು ಕೇಳಿ ತಂದು ಗಾಡಿಯ ಹಿಂಬದಿಗೆ ಒರಗಿಸಿದನು. ಸುಮಾರು ಮೂರಡಿ ಎತ್ತರದ ಗಾಡಿಗೆ ಆರಡಿಯ ಹಲಗೆ ಇಟ್ಟರೆ ಏರು 30 ಡಿಗ್ರಿಯಷ್ಟಾಗುತ್ತದೆ. ಹನ್ನೆರಡು ಅಡಿಯ ರ್‍ಯಾಂಪ್ ಇದ್ದಿದ್ದರೆ ಅದು ಅರ್ಧಕ್ಕೆ ಇಳಿಯುತ್ತಿತ್ತು. ಟ್ರ್ಯಾಕ್ಟರಿನ ಭಾರದ ಹೆಚ್ಚಿನ ಪಾಲು ಹಿಂದಿನ ದೊಡ್ಡ ಗಾಲಿಗಳ ಮೇಲಿರುತ್ತದೆ, ಅದರ ಹಿಂದೆ ರೋಟವೇಟರ್ ಬೇರೆ ತೂಗುತ್ತಿತ್ತು. ಹಾಗಿರುವಾಗ ಅಷ್ಟು ಕಡಿದಾದ ಏರಿನಲ್ಲಿ ಮುಂದಕ್ಕೆ ಓಡಿಸಿದರೆ ಮೂತಿ ಮೇಲೇಳುವುದು ಖಚಿತ. ರೋಟವೇಟರ್ ಕಳಚಿ, ಟ್ರ್ಯಾಕ್ಟರನ್ನು ಕಡಿಮೆ ಗೇರಿನಲ್ಲಿ ರಿವರ್ಸ್ ಹತ್ತಿಸುವುದು ಈ ಕೆಲಸ ಬಲ್ಲವರ ಕ್ರಮ. ಇಲ್ಲಿ ರೋಟವೇಟರನ್ನು ಕಳಚಲೇ ಇಲ್ಲ, ಟ್ರ್ಯಾಕ್ಟರನ್ನು ನೇರವಾಗಿ ಮುಂದಕ್ಕೆ ಹತ್ತಿಸಲಾಯಿತು, ಹಲಗೆಯ ನಡುವಿನಲ್ಲಿ ಮುಂದಿನ ಎರಡೂ ಗಾಲಿಗಳು ಗೇಣುದ್ದ ಮೇಲೆದ್ದು ಬಿದ್ದವು. ಇದಕ್ಕಿಂತಲೂ ನನ್ನನ್ನು ಗಾಬರಿಗೊಳಿಸಿದ ಸಂಗತಿ ಮತ್ತೊಂದಿದೆ. ಹೊಲದಲ್ಲಿ ತಿರುಗಿಸುವ ಅನುಕೂಲಕ್ಕಾಗಿ ಟ್ರ್ಯಾಕ್ಟರಿನಲ್ಲಿ ಎಡ ಬಲ ಗಾಲಿಗಳಿಗೆ ಬೇರೆ ಬೇರೆ ಬ್ರೇಕ್ ಪೆಡಲ್ ಇರುತ್ತವೆ, ರಸ್ತೆಗೆ ಬರುವಾಗ ಅಥವಾ ಏರು ಹತ್ತಿಸುವಾಗ ಅವೆರಡನ್ನೂ ಒಂದು ಕೊಂಡಿಯಿಂದ ಜೋಡಿಸಿಕೊಳ್ಳಬೇಕು. ಚಾಲಕ ಆ ಕೊಂಡಿಯನ್ನು ಹಾಕಿಕೊಂಡಿರಲಿಲ್ಲ. ಮೂತಿ ಎದ್ದಾಗ ಗಾಬರಿಯಿಂದ ಒಂದೇ ಪೆಡಲ್ ತುಳಿದುದರಿಂದ ಟ್ರ್ಯಾಕ್ಟರ್ ಓರೆಯಾಗಿ ತಿರುಗಿತು, ಬಲಗಡೆಯ ಹಿಂದಿನ ಗಾಲಿ ಹಲಗೆಯ ಅಂಚಿಗೆ ಬಂದು ನಿಂತಿತು. ಎಸ್ಟೇಟಿನ ಕೆಲಸಗಾರರು ಓಡಿಬಂದು ಹಲಗೆಯನ್ನು ಒತ್ತಿ ಹಿಡಿಯದಿದ್ದರೆ ಚಾಲಕನ ಮೇಲೆಯೇ ಟ್ರ್ಯಾಕ್ಟರ್ ಮಗುಚುತ್ತಿತ್ತು.

ಹೇಗೋ ಮೇಲೇರಿದ ಮೇಲೆ ಕಂಡದ್ದು ಜಾಗದ ಕೊರತೆ. ಟ್ರ್ಯಾಕ್ಟರಿನ ಮೂತಿ ಕ್ಯಾಬಿನ್ನಿನ ಹಿಂದಿನ ಜಾಲರಿಗೆ ಗೇಣಷ್ಟು ದೂರದಲ್ಲಿದ್ದರೂ ರೋಟವೇಟರ್ ಪೂರ್ತಿಯಾಗಿ ಗಾಡಿಯಿಂದ ಹೊರಗೆ ಚಾಚಿಕೊಂಡಿತ್ತು, ಹಿಂಬಾಗಿಲನ್ನು ಮುಚ್ಚುವುದಕ್ಕೇ ಆಗಲಿಲ್ಲ. ಇನ್ನೂರು ಕಿಲೋದ ಆ ಕಬ್ಬಿಣ ಪಿಕಪ್ಪಿನ ಹಿಂದಿನ ಆಕ್ಸಲಿಗಿಂತ ಆಚೆ ತೂಗುತ್ತಿದ್ದರೆ ಮುಂದಿನ ಗಾಲಿಗಳ ಮೇಲಿನ ಭಾರ ಇಳಿದು ಸ್ಟೀರಿಂಗಿನ ಹಿಡಿತ ಸಡಿಲವಾಗುತ್ತದೆ. ರೋಟವೇಟರನ್ನು ಬಿಚ್ಚಿ ಪ್ರತ್ಯೇಕವಾಗಿ ಸಾಗಿಸೋಣವೆಂದು ನಾನೂ ಎಸ್ಟೇಟಿನ ಯಜಮಾನರೂ ಹೇಳಿದೆವು; ಕಚೇರಿಯವರು ಎರಡನೆಯ ಟ್ರಿಪ್ಪಿಗೆ ಒಪ್ಪುವುದಿಲ್ಲ ಎಂಬುದು ಚಾಲಕನ ಉತ್ತರವಾಗಿತ್ತು. ಮಿತಿ ಮೀರಿ ಹೊರಚಾಚಿದ ಸರಕು ಹೊತ್ತ ವಾಹನವನ್ನು ಓಡಿಸುವವರಿಗೂ, ಓಡಿಸಲು ಬಿಡುವವರಿಗೂ ಮೋಟಾರು ವಾಹನ ಕಾಯ್ದೆಯ 194(1ಎ) ಕಲಮಿನಡಿ 20,000 ರೂಪಾಯಿ ದಂಡವಿದೆ ಎಂಬುದು ಸಾಗಣೆಯನ್ನೇ ವೃತ್ತಿ ಮಾಡಿಕೊಂಡ ತಮಗೆ ತಿಳಿಯದ ವಿಷಯವೇನಲ್ಲ.

ಇನ್ನು ಕಟ್ಟಿದ ರೀತಿ. ಗಾಡಿಯಲ್ಲಿದ್ದದ್ದು ಎರಡು ಹಳೆಯ ನೈಲಾನ್ ಹಗ್ಗ. ಒಂದನ್ನು ಟ್ರ್ಯಾಕ್ಟರಿನ ಮುಂದಿನ ಗಾಲಿಗಳನ್ನು ತಿರುಗಿಸುವ ಟೈ ರಾಡಿಗೆ ಸುತ್ತಿ ಗಾಡಿಯ ಎರಡೂ ಬದಿಯ ಕೊಂಡಿಗಳಿಗೆ ಬಿಗಿದರು. ಇನ್ನೊಂದನ್ನು ಹಿಂದೆ ರೋಟವೇಟರನ್ನು ಎತ್ತಿ ಹಿಡಿಯುವ ಹೈಡ್ರಾಲಿಕ್ ತೋಳಿಗೆ ಕಟ್ಟಿ, ಗಾಡಿಯ ಬಾಡಿಯ ಹರಿತವಾದ ಅಂಚಿನ ಮೇಲೆ ಹಾಯಿಸಿ, ಕೆಳಗಿನ ಕೊಂಡಿಗೆ ಗಂಟು ಹಾಕಿದರು. ನಡುವೆ ಒಂದು ಗೋಣಿಚೀಲದ ತುಂಡನ್ನೂ ಇಡಲಿಲ್ಲ. ಗಾಲಿಗಳಿಗೆ ಅಡ್ಡವಾಗಿ ರಸ್ತೆಬದಿಯ ಎರಡು ಕಲ್ಲುಗಳು. ಟ್ರ್ಯಾಕ್ಟರ್ ನ್ಯೂಟ್ರಲ್‌ನಲ್ಲಿಯೇ ಇತ್ತು, ಹ್ಯಾಂಡ್ ಬ್ರೇಕ್ ಮಾತ್ರ ಎಳೆದಿತ್ತು. ರೋಟವೇಟರ್ ಹೈಡ್ರಾಲಿಕ್ ಬಲದ ಮೇಲೆ ಗಾಳಿಯಲ್ಲಿ ನಿಂತಿತ್ತು.

ಟ್ರ್ಯಾಕ್ಟರಿನ ತೂಕ ಸುಮಾರು 900 ಕಿಲೋ, ರೋಟವೇಟರ್ ಸೇರಿದರೆ 1,100 ಕಿಲೋ. ಗಾಡಿ ಜೋರಾಗಿ ಬ್ರೇಕ್ ಹಾಕಿದಾಗ ಸರಕು ತನ್ನ ತೂಕದ ನೂರಕ್ಕೆ 80ರಷ್ಟು ಬಲದಿಂದ ಮುಂದಕ್ಕೂ, ತಿರುವಿನಲ್ಲಿ ನೂರಕ್ಕೆ 50ರಷ್ಟು ಬಲದಿಂದ ಪಕ್ಕಕ್ಕೂ ನುಗ್ಗಬಹುದೆಂದು ಲೆಕ್ಕಹಿಡಿದು ಅದನ್ನು ತಡೆಯುವಂತೆ ಬಿಗಿಯಬೇಕೆಂಬುದು ಯುರೋಪು ಮತ್ತು ಅಮೆರಿಕಗಳ ಸರಕು ಭದ್ರತಾ ನಿಯಮಗಳ ಆಧಾರ. ರಸ್ತೆ ಯಾವ ದೇಶದ್ದಾದರೂ ಭಾರದ ವರ್ತನೆ ಒಂದೇ. ಆ ಲೆಕ್ಕದಲ್ಲಿ ಮುಂದಕ್ಕೆ ನುಗ್ಗುವ ಬಲವೇ 880 ಕಿಲೋದಷ್ಟಾಗುತ್ತದೆ. ಇದನ್ನು ತಡೆಯಬೇಕಾದದ್ದು ನಾಲ್ಕು ಮೂಲೆಗೆ ನಾಲ್ಕು ಸರಪಳಿ, ಅಥವಾ ತಡೆಯುವ ಸಾಮರ್ಥ್ಯ ಎಷ್ಟೆಂದು ಮುದ್ರಿಸಿರುವ, ಹಿಡಿಕೆಯಿಂದ ಬಿಗಿಯುವ ರ್‍ಯಾಚೆಟ್ ಬೆಲ್ಟುಗಳು. ಅವುಗಳನ್ನು ಕಟ್ಟಬೇಕಾದದ್ದು ಆಕ್ಸಲ್ ಮತ್ತು ಚಾಸಿಯಂತಹ ಗಟ್ಟಿ ಭಾಗಗಳಿಗೆ. ಟೈ ರಾಡ್ ಎಂಬುದು ಬೆರಳೆರಡರ ದಪ್ಪದ ಕಡ್ಡಿ. ಗಾಲಿ ತಿರುಗಿಸುವುದಷ್ಟೇ ಅದರ ಕೆಲಸ. ಟ್ರ್ಯಾಕ್ಟರ್ ನಿಂತಿರುವುದು ಗಾಳಿ ತುಂಬಿದ ಟಯರುಗಳ ಮೇಲಾದ್ದರಿಂದ ಪ್ರತಿ ಗುಂಡಿಯಲ್ಲೂ ಅದು ಕುಕ್ಕಿ ಏಳುತ್ತದೆ, ಏಳುವಾಗ ಎಳೆದುಕೊಂಡ ಹಗ್ಗ ಕುಕ್ಕುವಾಗ ಸಡಿಲವಾಗುತ್ತದೆ. ಹೊರಟು ಸ್ವಲ್ಪ ದೂರ ಹೋದ ಮೇಲೆ ನಿಲ್ಲಿಸಿ ಮತ್ತೊಮ್ಮೆ ಬಿಗಿಯಬೇಕೆಂದು ಬಲ್ಲವರು ಹೇಳುವುದು ಇದಕ್ಕಾಗಿಯೇ.

ನಾನು ನನ್ನ ಜೀಪಿನಲ್ಲಿ ಹಿಂದೆಯೇ ಬರುತ್ತಿದ್ದೆ. ಮೂಡಿಗೆರೆ ದಾಟುವಷ್ಟರಲ್ಲಿ ಟ್ರ್ಯಾಕ್ಟರ್ ಎಡಬಲಕ್ಕೆ ಓಲಾಡುವುದು ಸ್ಪಷ್ಟವಾಗಿ ಕಾಣುತ್ತಿತ್ತು. ಕೊಟ್ಟಿಗೆಹಾರದಲ್ಲಿ ಗಾಡಿ ನಿಲ್ಲಿಸಿದಾಗ ನಾನೇ ಹತ್ತಿ ಹಿಂದಿನ ಹಗ್ಗವನ್ನು ಮುಟ್ಟಿ ನೋಡಿದೆ. ಬಾಡಿಯ ಅಂಚಿಗೆ ಉಜ್ಜಿ ಅದರ ಮೂರು ಎಳೆಗಳಲ್ಲಿ ಒಂದು ಆಗಲೇ ಕಿತ್ತು ನೂಲುನೂಲಾಗಿತ್ತು. ಅದರ ಫೋಟೊವನ್ನು ಸಮಯ ಸಹಿತ ತೆಗೆದಿಟ್ಟಿದ್ದೇನೆ, ಅಲ್ಲಿಂದಲೇ ತಮ್ಮ ಕಚೇರಿಗೂ ಕಳುಹಿಸಿದ್ದೇನೆ. ಚಾರ್ಮಾಡಿ ಘಾಟಿ ಇಳಿಯುವ ಮೊದಲು ಅಲ್ಲಿಯೇ ಅಂಗಡಿಯಿಂದ ಸರಪಳಿ ತರಿಸಿ ಕಟ್ಟಿಸೋಣ, ಹಣ ನಾನೇ ಕೊಡುತ್ತೇನೆ ಎಂದು ದೂರವಾಣಿಯಲ್ಲಿ ತಿಳಿಸಿದರೂ, ತಡವಾಗುತ್ತದೆ, ಸಂಜೆಗೆ ಗಾಡಿ ಬೇರೆ ಕಡೆ ಬೇಕು, ಬೇಗ ಇಳಿಸಿ ವಾಪಸ್ ಬರಲಿ ಎಂದೇ ತಮ್ಮ ಸಿಬ್ಬಂದಿ ಚಾಲಕನಿಗೆ ಆದೇಶಿಸಿದರು. ನನ್ನ ದೂರಿನಲ್ಲಿ ಅತ್ಯಂತ ಗಂಭೀರವಾದ ಭಾಗ ಇದು. ಅಪಾಯ ಕಣ್ಣಿಗೆ ಕಾಣುತ್ತಿದ್ದಾಗ, ತಡೆಯಲು ಸಮಯವಿದ್ದಾಗ, ತಡೆಯುವ ವೆಚ್ಚ ಕೊಡಲು ಗ್ರಾಹಕನೇ ಸಿದ್ಧನಿದ್ದಾಗ, ಸಂಸ್ಥೆಯು ತಿಳಿದೂ ಗಾಡಿಯನ್ನು ಘಾಟಿಗೆ ಇಳಿಸಿತು.

ಅಣ್ಣಪ್ಪ ಸ್ವಾಮಿ ಗುಡಿಯನ್ನು ದಾಟಿ ಕೆಳಗಿಳಿಯುವಾಗ ಎದುರಿನಿಂದ ಬಂದ ಬಸ್ಸಿಗೆ ದಾರಿ ಬಿಡಲು ಚಾಲಕ ಬ್ರೇಕ್ ಹಾಕಿದನು. ಟ್ರ್ಯಾಕ್ಟರ್ ಕಲ್ಲುಗಳನ್ನು ದಾಟಿಕೊಂಡು ಮುಂದಕ್ಕೆ ಜಾರಿ ಕ್ಯಾಬಿನ್ನಿನ ಜಾಲರಿಗೆ ಬಡಿಯಿತು. ಬಾನೆಟ್ಟಿನ ಮುಂಭಾಗ ಒಳಕ್ಕೆ ಹೋಗಿ ರೇಡಿಯೇಟರನ್ನು ತಾಗಿತು, ಹಗ್ಗ ಎಳೆದ ಬಲಕ್ಕೆ ಟೈ ರಾಡ್ ಬಾಗಿತು. ಅದರ ಮುಂದಿನ ಹೇರ್‌ಪಿನ್ ತಿರುವಿನಲ್ಲಿ ಹಿಂದಿನ ಹಗ್ಗ ಪೂರ್ತಿ ಕಡಿದು, ಟ್ರ್ಯಾಕ್ಟರಿನ ಹಿಂಭಾಗ ಹೊರಬದಿಗೆ ಜರುಗಿ, ಹೊರಗೆ ಚಾಚಿದ್ದ ರೋಟವೇಟರಿನ ಗೇರ್ ಪೆಟ್ಟಿಗೆ ರಸ್ತೆಯ ತಡೆಗೋಡೆಗೆ ಅಪ್ಪಳಿಸಿತು. ಆ ತಡೆಗೋಡೆಯೇ ಟ್ರ್ಯಾಕ್ಟರನ್ನು ಗಾಡಿಯ ಮೇಲೆ ಉಳಿಸಿತು. ಆ ಕ್ಷಣದಲ್ಲಿ ಗಾಡಿಗೂ ನನ್ನ ಜೀಪಿಗೂ ನಡುವೆ ಒಂದು ಬೈಕ್ ಇತ್ತು. ಅದರ ಮೇಲೆ ಗಂಡ, ಹೆಂಡತಿ ಮತ್ತು ಮಡಿಲಲ್ಲಿ ಮಗು. ಅವರು ಬಲಕ್ಕೆ ಹೊರಳಿಸಿ ಪಾರಾದರು. ಆ ತಾಯಿ ರಸ್ತೆಬದಿಯಲ್ಲಿ ಕುಳಿತು ನಡುಗುತ್ತಿದ್ದುದನ್ನು ಕಂಡ ನನಗೆ, ನನ್ನ ಯಂತ್ರಕ್ಕಾದ ನಷ್ಟ ಆಮೇಲಿನ ಮಾತೆನಿಸಿತು.

ಚಾಲಕನ ಬಗ್ಗೆ ಒಂದು ಮಾತು ಹೇಳಲೇಬೇಕು. ಆತ ವಿನಯವಂತ ಹುಡುಗ, ವೇಗವಾಗಿ ಓಡಿಸಿದವನೂ ಅಲ್ಲ. ಬರಿಗೈಯಲ್ಲಿ ಕಳುಹಿಸಿ, ಯಂತ್ರ ಹತ್ತಿಸುವ ತರಬೇತಿ ಕೊಡದೆ, ಮೇಲಿಂದ ಅವಸರಪಡಿಸಿದವರ ತಪ್ಪನ್ನು ಅವನ ಸಂಬಳದಲ್ಲಿ ಮುರಿದುಕೊಳ್ಳುವುದು ಅನ್ಯಾಯ. ಹಾಗೆ ಮಾಡಿದ್ದು ನನ್ನ ಗಮನಕ್ಕೆ ಬಂದರೆ ಅವನ ಪರವಾಗಿ ಸಾಕ್ಷಿ ಹೇಳಲು ನಾನು ಸಿದ್ಧನಿದ್ದೇನೆ.

ರಸೀದಿಯ ಹಿಂಭಾಗದಲ್ಲಿ ಸಣ್ಣ ಅಕ್ಷರಗಳಲ್ಲಿ ‘ಓನರ್ಸ್ ರಿಸ್ಕ್’ (ಹಾನಿಯ ಹೊಣೆ ಸರಕಿನ ಮಾಲೀಕರದೇ) ಎಂದು ಮುದ್ರಿಸಿರುವುದನ್ನು ತೋರಿಸಿ ತಾವು ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ. 2007ರ ರಸ್ತೆ ಮೂಲಕ ಸರಕು ಸಾಗಣೆ ಕಾಯ್ದೆಯ 12ನೇ ಕಲಮಿನ ಪ್ರಕಾರ, ಸಾಗಣೆದಾರರ ವಿರುದ್ಧದ ದಾವೆಯಲ್ಲಿ ಹಾನಿಯು ಅವರ ಅಥವಾ ಅವರ ನೌಕರರ ನಿರ್ಲಕ್ಷ್ಯದಿಂದಲೇ ಆಯಿತೆಂದು ದೂರುದಾರ ಸಾಬೀತುಪಡಿಸುವ ಅಗತ್ಯವೂ ಇಲ್ಲ. ಹಾಗಿದ್ದರೂ ನನ್ನ ಬಳಿ ಸಾಕ್ಷ್ಯವಿದೆ: ಹಲಗೆಯ ಮೇಲೆ ಹತ್ತಿಸಿದಾಗಿನ ವಿಡಿಯೊ, ಹಗ್ಗದ ಫೋಟೊಗಳು, ಕರೆಗಳ ವಿವರ, ಎಸ್ಟೇಟಿನವರ ಬರಹದ ಹೇಳಿಕೆ, ಇವೆಲ್ಲದರ ಪ್ರತಿಗಳನ್ನೂ ದುರಸ್ತಿಯ ಅಂದಾಜು ಪಟ್ಟಿಯನ್ನೂ ಈ ಪತ್ರದೊಂದಿಗೆ ಇರಿಸಿದ್ದೇನೆ. ಅದೇ ಕಾಯ್ದೆಯ 16ನೇ ಕಲಮು, ದಾವೆ ಹೂಡುವ ಮೊದಲು ಸರಕು ಕಾಯ್ದಿರಿಸಿದ ದಿನದಿಂದ 180 ದಿನಗಳೊಳಗೆ ಬರಹದಲ್ಲಿ ಸೂಚನೆ ನೀಡಬೇಕೆನ್ನುತ್ತದೆ. ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸುತ್ತಿರುವ ಈ ಪತ್ರವನ್ನೇ ಆ ಸೂಚನೆಯೆಂದು ತಾವು ಪರಿಗಣಿಸಬೇಕು.

ಟೈ ರಾಡ್ ಬದಲಿ, ರೇಡಿಯೇಟರ್ ಮತ್ತು ಬಾನೆಟ್ ದುರಸ್ತಿ, ರೋಟವೇಟರಿನ ಗೇರ್ ಪೆಟ್ಟಿಗೆಯ ಬದಲಿ ಸೇರಿ ವರ್ಕ್‌ಶಾಪಿನವರು ಕೊಟ್ಟಿರುವ ಅಂದಾಜು 41,600 ರೂಪಾಯಿ. ಇದರ ಜೊತೆಗೆ, ಒಪ್ಪಿಕೊಂಡ ಗಾಡಿಯನ್ನೂ ಸಲಕರಣೆಯನ್ನೂ ಒದಗಿಸದೆ ಪಡೆದ ಬಾಡಿಗೆ 14,000 ರೂಪಾಯಿಯನ್ನು ಹಿಂದಿರುಗಿಸಬೇಕೆಂದು, ಒಟ್ಟು 55,600 ರೂಪಾಯಿಯನ್ನು ಈ ಪತ್ರ ತಲುಪಿದ ಹದಿನೈದು ದಿನಗಳೊಳಗೆ ಪಾವತಿಸಬೇಕೆಂದು ಕೋರುತ್ತೇನೆ. ಹಾನಿಯಾದ ಭಾಗಗಳನ್ನು ಬದಲಿಸದೆ ಹಾಗೆಯೇ ಇಟ್ಟಿದ್ದೇನೆ. ತಮ್ಮ ಕಡೆಯ ಮೆಕ್ಯಾನಿಕ್ ಬಂದು ಪರಿಶೀಲಿಸುವುದಾದರೆ ಆ ಅವಧಿಯೊಳಗೆ ಯಾವ ದಿನವಾದರೂ ಬರಬಹುದು. ಅಡಿಕೆ ಕೊಯ್ಲಿನ ದಿನಗಳಲ್ಲಿ ಯಂತ್ರ ಕೆಲಸಕ್ಕಿಲ್ಲದೆ ನಿಂತಿರುವುದರಿಂದ ಆಗುತ್ತಿರುವ ನಷ್ಟವನ್ನು ಈ ಮೊತ್ತದಲ್ಲಿ ಸೇರಿಸಿಲ್ಲ.

ಹಣದಷ್ಟೇ ಮುಖ್ಯವಾಗಿ ನಾನು ಕೇಳುವುದು ಇನ್ನೊಂದಿದೆ. ಟ್ರ್ಯಾಕ್ಟರ್, ಟಿಲ್ಲರ್, ಕೊಯ್ಲು ಯಂತ್ರಗಳ ಸಾಗಣೆಯನ್ನು ತಾವು ಒಪ್ಪಿಕೊಳ್ಳುವುದನ್ನು ಮುಂದುವರಿಸುವುದಾದರೆ, ಸಾಕಷ್ಟು ಉದ್ದದ ರ್‍ಯಾಂಪ್, ಸಾಮರ್ಥ್ಯ ನಮೂದಾದ ಸರಪಳಿ ಇಲ್ಲವೇ ಬೆಲ್ಟ್, ಗಾಲಿಗೆ ಕೊಡುವ ಮರದ ಅಡ್ಡಕಟ್ಟೆಗಳಿಲ್ಲದೆ ಯಾವ ಗಾಡಿಯೂ ತಮ್ಮ ಕಚೇರಿಯಿಂದ ಹೊರಡುವುದಿಲ್ಲವೆಂದೂ, ಕಟ್ಟು ಸರಿಯಿಲ್ಲವೆಂದು ಕಂಡಲ್ಲಿ ಗಾಡಿ ನಿಲ್ಲಿಸುವ ಅಧಿಕಾರ ಚಾಲಕನಿಗೆ ಇರುತ್ತದೆಂದೂ ಬರಹದಲ್ಲಿ ತಿಳಿಸಬೇಕು. ಮಲೆನಾಡಿನಿಂದ ಕರಾವಳಿಗೆ ಇಳಿಯುವ ದಾರಿಗಳೆಲ್ಲವೂ ಘಾಟಿಗಳೇ. ಇಲ್ಲಿ ಸಾಗಣೆಯ ವ್ಯವಹಾರ ಮಾಡುವವರಿಗೆ ಇದು ಕನಿಷ್ಠ ಸಿದ್ಧತೆ.

ನಿಗದಿತ ಅವಧಿಯೊಳಗೆ ತೃಪ್ತಿಕರ ಉತ್ತರ ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ದಾಖಲಿಸುತ್ತೇನೆ. ಸ್ವಂತ ದುಡಿಮೆಯಿಂದ ಜೀವನೋಪಾಯ ಕಂಡುಕೊಳ್ಳುವ ಕೃಷಿಕನಾದ ನಾನು ಆ ಕಾಯ್ದೆಯ ಅರ್ಥದಲ್ಲಿ ಗ್ರಾಹಕನೇ ಆಗಿದ್ದೇನೆ. ಹೊರಚಾಚಿದ ಸರಕಿನೊಂದಿಗೆ ವಾಹನ ಓಡಿಸಿದ ಬಗ್ಗೆ ಪ್ರಾದೇಶಿಕ ಸಾರಿಗೆ ಕಚೇರಿಗೂ ಫೋಟೊ ಸಹಿತ ತಿಳಿಸಲಾಗುವುದು. ದಯವಿಟ್ಟು ಉತ್ತರವನ್ನು ದೂರವಾಣಿಯಲ್ಲಿ ಹೇಳಿ ಮುಗಿಸದೆ, ಜವಾಬ್ದಾರಿಯುತ ಅಧಿಕಾರಿಯ ಸಹಿಯೊಂದಿಗೆ ಮೇಲಿನ ವಿಳಾಸಕ್ಕೆ ಕಳುಹಿಸಿಕೊಡಿ.

ಇಂತಿ ತಮ್ಮ ವಿಶ್ವಾಸಿ,
(ಸಹಿ)