ಸುಬೇದಾರರ ನುಡಿನಮನ: ಪದಕ, ಕಪ್ ಜೋಡಿಸುವವರ ಗಮನಕ್ಕೆ
ಭಾನುವಾರ ಉಡುಪಿಯಲ್ಲಿ ನಮ್ಮ ಸುಬೇದಾರರ ನುಡಿನಮನ. 1971ರ ಯುದ್ಧದ ಪದಕಗಳೂ ವಾಲಿಬಾಲ್ ಕಪ್‌ಗಳೂ ಒಂದೇ ಮೇಜಿನ ಮೇಲಿರಲಿ, ಅವರ ಮನೆಯ ಶೋಕೇಸಿನಲ್ಲೂ ಹಾಗೇ ಇದ್ದವು.

ದಯವಿಟ್ಟು ಪದಕಗಳಿಗೆ ಪಾಲಿಶ್ ಹಾಕಿ ಉಜ್ಜಬೇಡಿ. 1971ರ ಯುದ್ಧಸೇವೆಗೆ ಕೊಟ್ಟ ಸಂಗ್ರಾಮ್ ಪದಕದ ಅಂಚನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಅವರ ಸೇನಾ ಸಂಖ್ಯೆ, ಹೆಸರು ಸಣ್ಣಕ್ಕೆ ಕೊರೆದಿದೆ. ಉಜ್ಜಿದಷ್ಟೂ ಅದು ಸವೆಯುತ್ತದೆ, ಪಾಲಿಶ್ ರಿಬ್ಬನ್ನಿಗೆ ಇಳಿದು ಬಿಳಿ ಕಲೆಯಾಗುತ್ತದೆ. ಒಣ ಹತ್ತಿ ಬಟ್ಟೆಯಲ್ಲಿ ಒರೆಸಿದರೆ ಸಾಕು. ಪದಕಗಳನ್ನು ಸಾಲಾಗಿ ಜೋಡಿಸಿರುವ ಬಾರ್‌ನಿಂದ (ಪಟ್ಟಿಯಿಂದ) ಬಿಡಿಸಬೇಡಿ; ದರ್ಜೆಯಲ್ಲಿ ಹಿರಿಯ ಪದಕ ನೋಡುವವರ ಎಡಕ್ಕೆ ಬರಬೇಕು.

ಆಟದ ಶೂ ಬಗ್ಗೆ ಜಾಗ್ರತೆ. ಪಾಲಿಯುರೆಥೇನ್ ಸೋಲ್ ನಮ್ಮ ಕರಾವಳಿಯ ತೇವಕ್ಕೆ ಒಳಗೊಳಗೇ ಹಾಳಾಗಿ, ಬಗ್ಗಿಸಿದ ಕೂಡಲೇ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಅಡಿಗೆ ಕೈ ಕೊಟ್ಟೇ ಎತ್ತಿ.

ಗಾಜಿಗೆ ಅಂಟಿದ ತಂಡದ ಫೋಟೋ ಕೀಳಬೇಡಿ, ಗಾಜಿನ ಸಮೇತ 600 ಡಿಪಿಐಯಲ್ಲಿ (ಸ್ಕ್ಯಾನರ್‌ನ ಸ್ಪಷ್ಟತೆಯ ಅಳತೆ) ಸ್ಕ್ಯಾನ್ ಮಾಡಿ. ಲ್ಯಾಮಿನೇಶನ್ ಬೇಡವೇ ಬೇಡ.

ಮೇಜಿಗೆ ಬಿಳಿ ಬಟ್ಟೆ ಹಾಸಿ. ರಾಷ್ಟ್ರಧ್ವಜವನ್ನು ಹಾಸಾಗಿ ಬಳಸಲು ಧ್ವಜ ಸಂಹಿತೆ ಬಿಡುವುದಿಲ್ಲ, ಪ್ರೀತಿಯಿಂದ ಮಾಡಿದರೂ.

ಡಿಸ್ಚಾರ್ಜ್ ಪುಸ್ತಕ (ಸೇನೆಯಿಂದ ಬಿಡುಗಡೆಯಾದಾಗ ಕೊಡುವ ದಾಖಲೆ), ಪಿಂಚಣಿ ಕಾಗದಗಳ ಫೋಟೋ ಗುಂಪಿಗೆ ಹಾಕಬೇಡಿ. ಅದರಲ್ಲಿರುವ ನಂಬರುಗಳು ವಂಚಕರ ಕೈಗೆ ಸಿಕ್ಕರೆ ಮನೆಯವರಿಗೆ ತೊಂದರೆ. ಈಗಾಗಲೇ ಹಾಕಿದವರು ‘ಎಲ್ಲರಿಗೂ ಅಳಿಸಿ’ ಒತ್ತಿಬಿಡಿ.