ಇಟಲಿ ನಳಕ್ಕೆ ಬರೀ ಹೆಸರಿನ ಬೆಲೆಯಲ್ಲ

ಸಂಪಾದಕರೇ, ನಮಸ್ಕಾರ.

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ ಇಟಲಿಯ ನಳಗಳ ಬಗ್ಗೆ ಒಂದು ಸಣ್ಣ ಬರಹ ಓದಿದೆ. ದುಡ್ಡಿದ್ದವರ ಶೋಕಿ, ಹೆಸರಿಗೆ ಸುರಿಯುವ ಹಣ ಅಂತ ನಾಲ್ಕೇ ಸಾಲಿನಲ್ಲಿ ಮುಗಿಸಿದ್ದೀರಿ. ನಾನು ಕಲಬುರಗಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಸಿಪಿ ಫಿಟ್ಟಿಂಗ್, ಅಂದರೆ ಕ್ರೋಮ್ ಲೇಪದ ನಳ, ಶವರ್ ಇತ್ಯಾದಿ ಮಾರುವವನು. ನನ್ನ ಅಂಗಡಿಯಲ್ಲಿ ಇಟಲಿ ಮಾಲು ಇಲ್ಲ, ಕೇಳಿಕೊಂಡು ಬರುವವರೂ ಇಲ್ಲ. ಆದರೂ ಓದಿ ಬೇಜಾರಾಯಿತು. ಆ ನಳದ ಕಥೆ ನಮ್ಮ ಪಕ್ಕದ ಬೀದರ್‌ಗೆ ತುಂಬಾ ಹತ್ತಿರದ ಕಥೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಗಿರಾಕಿಗಳು ನಳ ಕೈಗೆ ತಗೊಂಡ ತಕ್ಷಣ ವಜನ್ ನೋಡುತ್ತಾರೆ. ಸರಿಯಾದ ಪರೀಕ್ಷೆಯೇ ಅದು. ಒಳ್ಳೆ ನಳ ಅಂದ್ರೆ ಹಿತ್ತಾಳೆ, ಅಂದರೆ ನೂರಕ್ಕೆ ಸುಮಾರು 60 ಪಾಲು ತಾಮ್ರ, ಉಳಿದದ್ದು ಹೆಚ್ಚಾಗಿ ಸತು. ಲೇಥಿನಲ್ಲಿ ಕೊರೆಯುವಾಗ ಚೂರು ಸಲೀಸಾಗಿ ಉದುರಲಿ ಅಂತ ಅದಕ್ಕೆ ಸ್ವಲ್ಪ ಸೀಸ ಸೇರಿಸುತ್ತಾರೆ. ಮೇಲೆ ನಿಕ್ಕಲ್, ಅದರ ಮೇಲೆ ತೆಳ್ಳಗೆ ಕ್ರೋಮ್.

ಇಟಲಿಯ ಉತ್ತರಕ್ಕೆ, ಪಿಯೆಮೊಂಟೆ ಸೀಮೆಯಲ್ಲಿ ಓರ್ತಾ ಅನ್ನುವ ಸರೋವರ ಇದೆ. ಅದರ ಸುತ್ತಮುತ್ತಲ ಸಣ್ಣ ಊರುಗಳೇ ಅಲ್ಲಿನ ನಳಗಳ ತವರು. ಹತ್ತಿರದ ವಾಲ್ದುಜ್ಜಾದಲ್ಲಿ ಶತಮಾನಗಳಿಂದ ಚರ್ಚಿನ ಗಂಟೆಗಳನ್ನು ಎರಕ ಹೊಯ್ಯುತ್ತಿದ್ದರು, ಹಾಗಾಗಿ ಕರಗಿದ ಲೋಹ ಆ ಕಡೆಯ ಜನಕ್ಕೆ ಹೊಸದಲ್ಲ. 1929ರಲ್ಲಿ ಶುರುವಾದ ಜುಕ್ಕೆಟ್ಟಿ ಕಂಪನಿ ಈ ಕಡೆಯದ್ದೇ. ಪೆಲ್ಲಾದಲ್ಲಿ 1947ರಲ್ಲಿ ಫಾಂಟಿನಿ ಅಣ್ಣತಮ್ಮಂದಿರು ತಮ್ಮ ನಳದ ಕಂಪನಿ ಶುರುಮಾಡಿದರು. ಸಾನ್ ಮೌರಿಜಿಯೊ ದೊಪಾಲ್ಯೊ ಅನ್ನುವ ಊರಿನಲ್ಲಂತೂ ನಳಕ್ಕೇ ಅಂತ ಒಂದು ಮ್ಯೂಸಿಯಂ ಇದೆ!

ಮೊದಮೊದಲು ಅವೂ ನಮ್ಮ ಹಳೇ ಬಿಬ್ ಕಾಕ್ ಥರದ ಸಾದಾ ನಳಗಳೇ. 1970ರ ದಶಕದ ಕೊನೆಗೆ ಫಾಂಟಿನಿಯವರು ಹೊರಗಿನ ಇಬ್ಬರು ಡಿಸೈನರ್‌ಗಳನ್ನು ಕರೆದರು, ದಾವಿದೆ ಮೆರ್ಕಟಾಲಿ ಮತ್ತು ಪಾವ್ಲೊ ಪೆದ್ರಿಜ್ಜೆಟ್ಟಿ. ಅವರು ಮಾಡಿದ ನಳಕ್ಕೆ 'ಇ ಬಲೊಕ್ಕಿ' ಅಂತ ಹೆಸರು, ಅಂದ್ರೆ ಆಟಿಕೆಗಳು. ದಪ್ಪ ಹಿಡಿಕೆ, ಕಣ್ಣಿಗೆ ಹೊಡೆಯುವ ಬಣ್ಣ. ನಳ ಅಂದ್ರೆ ಕ್ರೋಮ್ ಅಂತಿದ್ದ ಕಾಲ ಅದು. ಬಣ್ಣ ಹಚ್ಚುವುದೇನು ಮಹಾ ಅಂತ ನಿಮಗೆ ಅನ್ನಿಸಬಹುದು, ಆದರೆ ದಿನಾ ಸೋಪು, ಬಿಸಿನೀರು, ಒದ್ದೆ ಕೈ ತಾಗುವ ಕಡೆ ಹಿತ್ತಾಳೆಯ ಮೇಲೆ ಬಣ್ಣ ನಿಲ್ಲಿಸುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಎರಡು ವರ್ಷದ ಹಿಂದೆ ಒಂದು ಕಂಪನಿಯ ಕಪ್ಪು ಮ್ಯಾಟ್ ನಳಗಳನ್ನು ಒಬ್ಬರ ಹೊಸ ಮನೆಗೆ ಕೊಟ್ಟಿದ್ದೆ, ಆರು ತಿಂಗಳಲ್ಲಿ ಹಿಡಿಕೆಯ ಬಣ್ಣ ಸಿಪ್ಪೆಯ ಹಾಗೆ ಎದ್ದಿತು. ಆ ಮನೆಯಮ್ಮನ ಮುಖ ನೋಡಲು ಆಗಲಿಲ್ಲ, ನಾನೇ ಬೇರೆ ನಳ ಹಾಕಿಸಿದೆ.

ಒಳಗಿನ ಭಾಗ ಬದಲಾದದ್ದು ಇನ್ನೂ ದೊಡ್ಡದು. ಮೊದಲು ರಬ್ಬರ್ ವಾಷರ್, ಅದನ್ನು ಒತ್ತುವ ತಿರುಪಿನ ಕಡ್ಡಿ, ಅಂದರೆ ಸ್ಪಿಂಡಲ್. ನಾಲ್ಕು ಸುತ್ತು ತಿರುಗಿಸಬೇಕು, ವಾಷರ್ ಸವೆದರೆ ತಟತಟ ಸೋರಿಕೆ. ಒಂದೇ ಹಿಡಿಕೆಯಲ್ಲಿ ಬಿಸಿ, ತಣ್ಣೀರು ಎರಡೂ ಬೆರೆಸುವ ನಳ ಅಮೆರಿಕದ ಆಲ್ ಮೋಯೆನ್ ಅವರ ಯೋಚನೆ, ಇಟಲಿಯವರದ್ದಲ್ಲ. ಆಮೇಲೆ ಸಿರಾಮಿಕ್ ಡಿಸ್ಕ್ ಬಂತು. ಎರಡು ನುಣುಪು ಬಿಲ್ಲೆ ಒಂದರ ಮೇಲೊಂದು ಜಾರುತ್ತವೆ, ಕಾಲು ಸುತ್ತಿಗೆ ನೀರು ನಿಲ್ಲುತ್ತದೆ. ಜೋರು ಹಾಕಿ ತಿರುಗಿಸುವುದು ತಪ್ಪಿದ ಮೇಲೆ ದಪ್ಪ ಹಿಡಿಕೆ ಯಾಕೆ ಬೇಕು? ಮಟ್ಟೆಯೊ ಟೂನ್, ಅಂಟೋನಿಯೊ ರೊಡ್ರಿಗೆಜ್ ಸೇರಿ ಜುಕ್ಕೆಟ್ಟಿಗೆ ಮಾಡಿದ 'ಇಸಿ' ನಳ ನೋಡಿ, ಒಂದು ಸಣ್ಣ ಕೊಳವೆ ಅಷ್ಟೇ. ಒಳಗಿನ ಕೆಲಸ ಬಲ್ಲವರ ಜೊತೆ ಕೂತು ಮಾಡಿದ್ದರಿಂದಲೇ ಹೊರಗಿನ ರೂಪ ಅಷ್ಟು ಹಗುರಾಯಿತು ಅಂತ ನನ್ನ ನಂಬಿಕೆ.

ಈಗ ಮತ್ತೆ ಲೋಹ ಬದಲಾಗುತ್ತಿದೆ. ಯುರೋಪಿನಲ್ಲಿ ಕುಡಿಯುವ ನೀರಿನ ಸೀಸದ ಮಿತಿ ಲೀಟರಿಗೆ 10 ಮೈಕ್ರೋಗ್ರಾಂನಿಂದ 2036ರ ಹೊತ್ತಿಗೆ 5ಕ್ಕೆ ಇಳಿಯುತ್ತದೆ. ಹಾಗಾಗಿ ಸೀಸ ಕಡಿಮೆ ಇರುವ ಹಿತ್ತಾಳೆ, ಸ್ಟೇನ್‌ಲೆಸ್ ಸ್ಟೀಲ್ ಕಡೆಗೆ ಹೊರಳುತ್ತಿದ್ದಾರೆ. ಸ್ಟೀಲ್ ಆದರೆ ಕ್ರೋಮ್ ಲೇಪವೇ ಬೇಡ.

ಲೇಪ ಬೇಡ ಅನ್ನುವುದು ಸಣ್ಣ ಮಾತಲ್ಲ. ಆ ಓರ್ತಾ ಸರೋವರ ಒಂದು ಕಾಲದಲ್ಲಿ ಸತ್ತೇ ಹೋಗಿತ್ತು. 1926ರಿಂದ ಒಂದು ರೇಯಾನ್ ಕಾರ್ಖಾನೆ ತಾಮ್ರ, ಅಮೋನಿಯದ ಕೊಳೆ ಬಿಟ್ಟಿತು, ಆಮೇಲೆ ಲೇಪ ಹಾಕುವ ಕಾರ್ಖಾನೆಗಳಿಂದಲೂ ಕ್ರೋಮ್, ನಿಕ್ಕಲ್ ಸೇರಿದವು. ನೀರು ಆಸಿಡ್ ಆಯಿತು, ಮೀನು ಉಳಿಯಲಿಲ್ಲ. 1989, 90ರಲ್ಲಿ ಹತ್ತು ಸಾವಿರ ಟನ್ನಿಗೂ ಜಾಸ್ತಿ ಸುಣ್ಣದ ಕಲ್ಲಿನ ಪುಡಿ ಹಾಕಿ ಅದನ್ನು ಬದುಕಿಸಿದರು. ನಮ್ಮ ಜಿಲ್ಲೆಯಲ್ಲಿ ಸುಣ್ಣದ ಕಲ್ಲಿಗೆ ಬರವಿಲ್ಲ, ಬೋರ್ ನೀರಿನ ಸುಣ್ಣವೇ ನಮ್ಮ ನಳಗಳಿಗೆ ಬಿಳಿ ಪೊರೆ ಕಟ್ಟುವುದು. (ದಯವಿಟ್ಟು ಅದಕ್ಕೆ ಆಸಿಡ್ ಹಾಕಬೇಡಿ, ಕ್ರೋಮ್ ತಿಂದುಬಿಡುತ್ತದೆ. ನಿಂಬೆಹಣ್ಣು ಉಜ್ಜಿ, ಬೇಗ ತೊಳೆದು, ಒರೆಸಿ.)

ಈಗ ಬೀದರ್‌ಗೆ ಬರುತ್ತೇನೆ. ಬಿದರಿ ಕೆಲಸದ ಲೋಹ ಯಾವುದು ಹೇಳಿ? ಅದೇ ಸತು, ಅದೇ ತಾಮ್ರ! ಪಾಲು ಮಾತ್ರ ತಿರುವುಮುರುವು. ಸುಮಾರು 16 ಪಾಲು ಸತುವಿಗೆ ಒಂದು ಪಾಲು ತಾಮ್ರ. ಮರಳಿನ ಅಚ್ಚಿನಲ್ಲಿ ಎರಕ, ಮೈಲುತುತ್ತ ಹಚ್ಚಿ ಕಪ್ಪು ಮಾಡಿ ಅದರ ಮೇಲೆ ಚಿತ್ರ, ಉಳಿಯಿಂದ ಕೆತ್ತಿದ ಗೆರೆಗೆ ಬೆಳ್ಳಿ ತಂತಿ ಬಡಿಯುವುದು, ಕೊನೆಗೆ ನವಸಾಗರ ಬೆರೆಸಿದ ಬೀದರ್ ಕೋಟೆಯ ಮಣ್ಣು ಹಚ್ಚುವುದು. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. 2006ರಲ್ಲಿ ಜಿಐ, ಅಂದರೆ ಇದು ಈ ಊರಿನದ್ದೇ ಅನ್ನುವ ಭೌಗೋಳಿಕ ಗುರುತು ಸಿಕ್ಕಿತು, 2023ರಲ್ಲಿ ಬಿದರಿ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಇಷ್ಟೆಲ್ಲ ಇದ್ದೂ ನಾವು ಅಂಗಡಿಗಳಲ್ಲಿ ನೋಡುವುದು ಬಹುಪಾಲು ಹೂದಾನಿ, ಹುಕ್ಕಾ, ಸಣ್ಣ ಡಬ್ಬಿ. ಸನ್ಮಾನಕ್ಕೆ ಕೊಡುತ್ತೇವೆ, ತಗೊಂಡವರು ಶೋಕೇಸಿನಲ್ಲಿ ಇಡುತ್ತಾರೆ.

ಬಿದರಿಯಿಂದ ನಳವನ್ನೇ ಮಾಡಿ ಅಂತ ನಾನು ಹೇಳುತ್ತಿಲ್ಲ. ಸದಾ ನೀರು ನಿಂತರೆ ಆ ಕಪ್ಪು ಹೋಗುತ್ತದೆ, ಎಣ್ಣೆ ಸವರಿ ಒರೆಸುತ್ತಿದ್ದರೇ ಅದರ ಚೆಂದ. ಆದರೆ ಬಾಗಿಲ ಹಿಡಿಕೆ ಆಗಬಹುದಲ್ವಾ? ಕಪಾಟಿನ ಗುಬುಟು, ಸ್ವಿಚ್ ಪ್ಲೇಟು, ಮನೆ ನಂಬರಿನ ಫಲಕ? ಪೆಲ್ಲಾದಲ್ಲಿ ಡಿಸೈನರ್ ಎರಕದವರ ಹತ್ತಿರ ಹೋಗಿ ಕೂತ ಹಾಗೆ ನಮ್ಮ ಕಲಬುರಗಿ, ಬೀದರ್ ಕಾಲೇಜಿನ ಆರ್ಕಿಟೆಕ್ಟ್ ಮಕ್ಕಳು ಒಂದು ತಿಂಗಳು ಬಿದರಿ ಕಾರ್ಖಾನೆಯಲ್ಲಿ ಕೂರಲಿ. ಸುಮ್ನೆ ಫೋಟೊ ತೆಗೆದುಕೊಂಡು ಬರುವುದಲ್ಲ, ಮರಳು ತುಂಬಿ ಎರಕ ಹೊಯ್ಯುವುದನ್ನು ಕಲಿಯಲಿ. ಕುಶಲಕರ್ಮಿಯ ಹೆಸರೂ ಡಿಸೈನರ್ ಹೆಸರಿನ ಪಕ್ಕದಲ್ಲೇ ಬರಲಿ.

ಅಂಥ ಹುಡುಗರು ಯಾರಾದರೂ ಇದ್ದರೆ ನಿಮ್ಮ ಪತ್ರಿಕೆಯ ಮೂಲಕ ತಿಳಿಸಿ. ಮೊದಲ ನಾಲ್ಕು ಬಾಗಿಲ ಹಿಡಿಕೆಗಳ ಲೋಹ, ಬೆಳ್ಳಿ, ಕೂಲಿಯ ಖರ್ಚು ನಾನು ಕೊಡುತ್ತೇನೆ. ಎರಡನ್ನು ನನ್ನ ಅಂಗಡಿಯ ಬಾಗಿಲಿಗೇ ಹಾಕಿಸುತ್ತೇನೆ, ದಿನಕ್ಕೆ ನೂರು ಕೈ ಮುಟ್ಟುವ ಬಾಗಿಲು ಅದು, ಒಂದು ವರ್ಷದಲ್ಲಿ ಹೇಗೆ ಸವೆಯುತ್ತದೆ ಅಂತ ನೋಡಿ ನಿಮಗೆ ಮತ್ತೆ ಬರೆಯುತ್ತೇನೆ.

ಇಂತಿ,
ಸ್ಯಾನಿಟರಿ ಅಂಗಡಿಯ ಒಬ್ಬ ಓದುಗ, ಕಲಬುರಗಿ