ಶೇಲ್ ಗ್ಯಾಸ್: ಕೊರೆಯುವ ಮೊದಲು ಬಾವಿ ನೀರು ಪರೀಕ್ಷೆ ಆಗಲಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಮನೆಗಳಿಗೆ ಕೊಳವೆಯಲ್ಲಿ ಬರುವ ಗ್ಯಾಸ್ ಬಗ್ಗೆ ಬರಹಗಳು ಬಂದಾಗೆಲ್ಲ ಅಮೆರಿಕದಲ್ಲಿ ಕೂತು ಓದುತ್ತೇನೆ. ಸಿಲಿಂಡರ್ ಬುಕ್ ಮಾಡುವ ತಾಪತ್ರಯ ಇಲ್ಲ, ಮಸಿ ಇಲ್ಲ, ಸ್ವಚ್ಛ ಇಂಧನ ಅನ್ನುತ್ತಾರೆ. ಆ ಗ್ಯಾಸ್ ಯಾರ ಊರಿನ ನೆಲದಿಂದ ಬಂತು ಅಂತ ಯಾರೂ ಕೇಳುವುದಿಲ್ಲ.

ಸರ್ಕಾರಿ ಗ್ಯಾಸ್ ಕಂಪನಿ ಗೇಲ್ ಅಮೆರಿಕದಿಂದ ದ್ರವ ರೂಪದ ಗ್ಯಾಸ್ ತರಲು 20 ವರ್ಷಗಳ ಒಪ್ಪಂದ ಮಾಡಿಕೊಂಡಿದೆ. ಲೂಯಿಸಿಯಾನದ ಸಬೀನ್ ಪಾಸ್‌ನಿಂದ ವರ್ಷಕ್ಕೆ 35 ಲಕ್ಷ ಟನ್, ಮೇರಿಲ್ಯಾಂಡಿನ ಕೋವ್ ಪಾಯಿಂಟ್‌ನಿಂದ 23 ಲಕ್ಷ ಟನ್. ಮೊದಲ ಹಡಗು 2018ರ ಮಾರ್ಚಿನಲ್ಲಿ ಮಹಾರಾಷ್ಟ್ರದ ದಾಭೋಳ ಮುಟ್ಟಿತು. ಅಲ್ಲಿಂದ ಹೊರಟ ಕೊಳವೆ ಬೆಳಗಾವಿ, ಧಾರವಾಡ, ದಾವಣಗೆರೆ, ತುಮಕೂರು ದಾಟಿ ಬೆಂಗಳೂರಿಗೆ ಬರುತ್ತದೆ. ಹಡಗುಗಳನ್ನು ಬೇರೆ ಕಂಪನಿಗಳ ಜೊತೆ ಅದಲುಬದಲು ಮಾಡಿಕೊಳ್ಳುವುದೂ ಉಂಟು, ಆದರೆ ಕೊಂಡ ಗ್ಯಾಸ್ ಬಹುಪಾಲು ಶೇಲ್ ಸೀಮೆಯದು, ಅಂದರೆ ಆಳದ ಪದರಗಲ್ಲಿನೊಳಗೆ ಸಿಕ್ಕಿಕೊಂಡಿದ್ದ ಗ್ಯಾಸ್. ಕೋವ್ ಪಾಯಿಂಟ್ ಇರುವ ಮೇರಿಲ್ಯಾಂಡ್ ರಾಜ್ಯ 2017ರಲ್ಲಿ ತನ್ನ ನೆಲದಲ್ಲಿ ಫ್ರ್ಯಾಕಿಂಗ್ (ಆ ಕಲ್ಲನ್ನು ನೀರಿನ ಒತ್ತಡದಿಂದ ಬಿರುಕು ಬಿಡಿಸಿ ಗ್ಯಾಸ್ ತೆಗೆಯುವುದು) ನಿಷೇಧಿಸಿತು. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ತೆಗೆದ ಗ್ಯಾಸನ್ನು ಕೋವ್ ಪಾಯಿಂಟ್‌ನಿಂದಲೇ ಹಡಗಿಗೆ ತುಂಬುತ್ತಾರೆ.

ನಾನು ದಾವಣಗೆರೆ ಕಡೆಯವಳು. ಈಗ ಪೆನ್ಸಿಲ್ವೇನಿಯಾದ ವಾಷಿಂಗ್ಟನ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ನೀರು ಪರೀಕ್ಷೆ ಮಾಡುವ ಲ್ಯಾಬೊಂದರಲ್ಲಿ ಕೆಲಸ ಮಾಡುತ್ತೇನೆ. ಮಾರ್ಸೆಲಸ್ ಅನ್ನುವ ಶೇಲ್ ಪದರದಲ್ಲಿ ಇಂಥ ಫ್ರ್ಯಾಕಿಂಗ್ ಮೊದಲು ಮಾಡಿದ್ದು ಇದೇ ಕೌಂಟಿಯಲ್ಲಿ, 2004ರಲ್ಲಿ. ಬಾವಿಯನ್ನು ಒಂದು ಮೈಲಿಗಿಂತ ಆಳಕ್ಕೆ ನೇರವಾಗಿ ಕೊರೆದು, ಅಲ್ಲಿಂದ ಅಡ್ಡಕ್ಕೆ ತಿರುಗಿಸಿ ಮತ್ತೆ ಮೈಲಿಗಟ್ಟಲೆ ಕೊರೆಯುತ್ತಾರೆ. ಕೋಟಿಗಟ್ಟಲೆ ಲೀಟರ್ ನೀರು, ಮರಳು, ಸ್ವಲ್ಪ ರಾಸಾಯನಿಕ ಸೇರಿಸಿ ಭಾರೀ ಒತ್ತಡದಲ್ಲಿ ಒಳಗೆ ತಳ್ಳುತ್ತಾರೆ. ಕಲ್ಲು ಬಿರುಕು ಬಿಡುತ್ತದೆ. ಬಾಗಿಲು ಮುಚ್ಚದ ಹಾಗೆ ಕಲ್ಲು ಇಡುತ್ತೇವಲ್ಲ, ಹಾಗೆ ಮರಳು ಆ ಬಿರುಕನ್ನು ತೆರೆದಿಡುತ್ತದೆ. ಗ್ಯಾಸ್ ಹೊರಗೆ ಬರುತ್ತದೆ.

ಲಾಭ ಸುಳ್ಳಲ್ಲ. ನಮ್ಮ ರಸ್ತೆಯ ಕೊನೆಯಲ್ಲಿ ಹಸು ಸಾಕಿಕೊಂಡಿರುವ ಅಜ್ಜ ಒಬ್ಬರಿದ್ದಾರೆ. ಹಾಲಿನ ರೇಟು ಬಿದ್ದು ಸಾಲ ಮಾಡಿಕೊಂಡಿದ್ದರು. ಇಲ್ಲಿನ ಕಾನೂನಿನಂತೆ ಜಮೀನಿನ ಕೆಳಗಿನ ಗ್ಯಾಸ್ ಹಕ್ಕು ಇದ್ದವರಿಗೆ ಕನಿಷ್ಠ ಎಂಟರಲ್ಲಿ ಒಂದು ಪಾಲು ರಾಯಲ್ಟಿ ಸಿಗಬೇಕು. ಆ ದುಡ್ಡಲ್ಲಿ ಸಾಲ ತೀರಿತು, ಕೊಟ್ಟಿಗೆಗೆ ಹೊಸ ತಗಡು ಬಂತು. ಗ್ಯಾಸ್ ಬಾವಿಗಳ ಮೇಲೆ ರಾಜ್ಯ ಹಾಕಿದ ಶುಲ್ಕದಿಂದ 2012ರಿಂದ ಈಚೆಗೆ 200 ಕೋಟಿ ಡಾಲರ್‌ಗೂ ಜಾಸ್ತಿ ಸಂಗ್ರಹವಾಗಿದೆ. ಗ್ಯಾಸ್ ಬಂದ ಮೇಲೆ ಕಲ್ಲಿದ್ದಲಿನ ಬಳಕೆಯೂ ತಗ್ಗಿದೆ; ಕಲ್ಲಿದ್ದಲಿನ ಹೋಮರ್ ಸಿಟಿ ವಿದ್ಯುತ್ ಸ್ಥಾವರ 2023ರಲ್ಲಿ ಮುಚ್ಚಿತು. ಹಳೇ ಗಣಿಗಳಿಂದ ಹರಿದ ನೀರಿಗೆ ಕಿತ್ತಳೆ ಬಣ್ಣಕ್ಕೆ ತಿರುಗಿದ ಹಳ್ಳಗಳು ಈ ಭಾಗದಲ್ಲಿ ಈಗಲೂ ಇವೆ. ಕಲ್ಲಿದ್ದಲೇ ವಾಸಿ ಅನ್ನುವವರು ಅವನ್ನೊಮ್ಮೆ ನೋಡಬೇಕು.

ಆದರೆ ಆ ಅಜ್ಜನ ಮನೆಯಿಂದ ಸ್ವಲ್ಪ ದೂರದಲ್ಲಿ ಇನ್ನೊಂದು ಕುಟುಂಬವಿದೆ. ಅವರ ಹೆಸರಲ್ಲಿ ಗ್ಯಾಸ್ ಹಕ್ಕಿಲ್ಲ. ಹಿಂದಿನ ಮಾಲೀಕರು ಜಮೀನು ಮಾರುವಾಗ ಹಕ್ಕನ್ನು ತಮ್ಮಲ್ಲೇ ಉಳಿಸಿಕೊಂಡಿದ್ದರು. ಪಕ್ಕದಲ್ಲಿ ಗ್ಯಾಸ್ ಬಾವಿ ಕೊರೆದ ಮೇಲೆ ಇವರ ಬೋರ್‌ವೆಲ್ ನೀರು ಬೂದಿ ಬಣ್ಣಕ್ಕೆ ತಿರುಗಿತು. ಸ್ಯಾಂಪಲ್ ತರಲು ನಾನೇ ಹೋಗಿದ್ದೆ. ನಲ್ಲಿಯನ್ನು ತುಂಬಾ ಹೊತ್ತು ಬಿಟ್ಟು, ಸಣ್ಣ ಗಾಜಿನ ಸೀಸೆಯನ್ನು ಅಂಚಿನ ತನಕ ತುಂಬಿಸಿ, ಮುಚ್ಚಿ, ತಲೆಕೆಳಗೆ ಮಾಡಿ ನೋಡಬೇಕು. ಒಂದು ಗಾಳಿ ಗುಳ್ಳೆ ಇದ್ದರೂ ಮೀಥೇನ್ (ಈ ಗ್ಯಾಸಿನ ಮುಖ್ಯ ಭಾಗ) ಲೆಕ್ಕ ತಪ್ಪುತ್ತದೆ. ಅವರ ಮನೆಯ ಸೊಸೆ ಪಕ್ಕದಲ್ಲೇ ನಿಂತು, 'ಮಗುವಿಗೆ ಈ ನೀರಲ್ಲಿ ಸ್ನಾನ ಮಾಡಿಸಬಹುದಾ?' ಅಂತ ಕೇಳಿದಳು. ರಿಪೋರ್ಟ್ ಬರುವ ತನಕ ಬೇಡ ಅಂದೆ. ರಿಪೋರ್ಟಿನಲ್ಲಿ ಮೀಥೇನ್ ಇತ್ತು, ಬೇರಿಯಮ್ ಅನ್ನುವ ಲೋಹ ಜಾಸ್ತಿ ಇತ್ತು. ಕಂಪನಿಯವರು ಇದು ಮೊದಲಿಂದಲೂ ಇದ್ದದ್ದು ಅಂದರು. ಇಲ್ಲಿನ ಕೆಲವು ನೀರಿನ ಬಾವಿಗಳಲ್ಲಿ ಮೀಥೇನ್ ತಾನಾಗಿಯೇ ಇರುವುದೂ ನಿಜ. ಹಾಗಿದ್ದರೆ ಮೊದಲು ನೀರು ಹೇಗಿತ್ತು? ಹೇಳುವ ಕಾಗದವೇ ಇಲ್ಲ. ಆ ಬಾವಿಯನ್ನು ಯಾರೂ ಯಾವತ್ತೂ ಪರೀಕ್ಷೆ ಮಾಡಿಸಿರಲಿಲ್ಲ.

2012ರ ರಾಜ್ಯ ಕಾನೂನು ಏನು ಹೇಳುತ್ತದೆ ಅಂದರೆ, ಗ್ಯಾಸ್ ಬಾವಿಯಿಂದ 2,500 ಅಡಿ ಒಳಗೆ, ಕೆಲಸ ಮುಗಿದ 12 ತಿಂಗಳ ಒಳಗೆ ನೀರು ಕೆಟ್ಟರೆ ಕಂಪನಿಯೇ ಕಾರಣ ಅಂತ ಎಣಿಸಬೇಕು. ಅದರಾಚೆ ಆದರೆ ಮನೆಯವರೇ ಸಾಬೀತು ಮಾಡಬೇಕು. ಈ ಮನೆ ಆ ಗೆರೆಯಿಂದ ಸ್ವಲ್ಪ ಆಚೆಗಿದೆ. ಅವರು ಈಗಲೂ ಕ್ಯಾನ್ ನೀರು ಕೊಂಡು ಕುಡಿಯುತ್ತಾರೆ.

ಒಂದು ಮೈಲಿ ಆಳದ ಬಿರುಕು ಕುಡಿಯುವ ನೀರಿನ ತನಕ ಹತ್ತಿ ಬರುವುದು ತೀರಾ ಅಪರೂಪ. ಅದನ್ನೇ ಹಿಡಿದು 'ಅಪಾಯವೇ ಇಲ್ಲ' ಅನ್ನುವವರಿದ್ದಾರೆ. ತೊಂದರೆ ಆಗುವುದು ಮೇಲೆ, ಬಾವಿಯ ಉಕ್ಕಿನ ಕೊಳವೆ ಸುತ್ತ ಹಾಕಿದ ಸಿಮೆಂಟ್ ಸರಿಯಾಗಿ ಕೂರದಾಗ. ಉಪ್ಪು, ವಿಕಿರಣ ಸೂಸುವ ರೇಡಿಯಂ ತುಂಬಿಕೊಂಡು ವಾಪಸ್ ಬರುವ ನೀರು ಚೆಲ್ಲಿದಾಗ. ಇದೇ ರಾಜ್ಯದ ಡಿಮಾಕ್ ಎಂಬ ಊರಿನಲ್ಲಿ 2009ರ ಹೊಸ ವರ್ಷದ ದಿನ ಕುಡಿಯುವ ನೀರಿನ ಬಾವಿಯೊಂದು ಸಿಡಿಯಿತು. ಆ ಊರಿಗೆ ಕಂಪನಿಯ ದುಡ್ಡಲ್ಲಿ ನೀರಿನ ಪೈಪ್ ಹಾಕಿಸುವ ಒಪ್ಪಂದ ಆಗಿದ್ದು 2022ರಲ್ಲಿ. ಇನ್ನು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯ 2023ರಲ್ಲಿ ಹೊರತಂದ ಅಧ್ಯಯನ ನಮ್ಮಲ್ಲಿ ತಾಯಂದಿರ ನಿದ್ದೆ ಕೆಡಿಸಿದೆ. ಗ್ಯಾಸ್ ಬಾವಿಗಳಿಂದ ಒಂದು ಮೈಲಿ ಒಳಗಿರುವ ಮಕ್ಕಳಲ್ಲಿ ಲಿಂಫೋಮಾ ಅನ್ನುವ ಕ್ಯಾನ್ಸರ್ ಬರುವ ಸಾಧ್ಯತೆ ಐದರಿಂದ ಏಳು ಪಟ್ಟು ಹೆಚ್ಚು ಕಂಡಿತು. ಅದೇ ಅಧ್ಯಯನದಲ್ಲಿ ಮಕ್ಕಳ ಲ್ಯುಕೇಮಿಯಾಕ್ಕೆ (ರಕ್ತದ ಕ್ಯಾನ್ಸರ್) ಸಂಬಂಧ ಕಾಣಲಿಲ್ಲ. ಎರಡನ್ನೂ ಹೇಳಬೇಕು.

ಇದನ್ನೆಲ್ಲ ಕನ್ನಡ ಪತ್ರಿಕೆಗೆ ಯಾಕೆ ಬರೆಯುತ್ತಿದ್ದೇನೆ? ಭಾರತ 2013ರಲ್ಲಿ ಸರ್ಕಾರಿ ಕಂಪನಿಗಳಿಗೆ, 2018ರಲ್ಲಿ ಖಾಸಗಿಯವರಿಗೂ ಶೇಲ್ ಗ್ಯಾಸ್ ಹುಡುಕಲು ದಾರಿ ಮಾಡಿಕೊಟ್ಟಿದೆ. ಹುಡುಕುವ ಜಾಗಗಳಲ್ಲಿ ಕೃಷ್ಣಾ-ಗೋದಾವರಿ ಮತ್ತು ಕಾವೇರಿ ಮುಖಜ ಭೂಮಿಗಳೂ ಇವೆ. ತಮಿಳುನಾಡು 2020ರಲ್ಲಿ ಕಾನೂನು ಮಾಡಿ ಕಾವೇರಿ ಡೆಲ್ಟಾದಲ್ಲಿ ಹೊಸದಾಗಿ ಇಂಥದ್ದಕ್ಕೆ ಅವಕಾಶ ಇಲ್ಲ ಅಂದಿದೆ. ನೀರಿನ ವಿಷಯದಲ್ಲಿ ಅವರಿಗೂ ನಮಗೂ ಜಗಳ ಇದ್ದೇ ಇದೆ. ಆದರೂ ಆ ಕಾನೂನು ಮಾಡಿದ್ದು ಸರಿ ಅಂತಲೇ ನಾನು ಹೇಳುತ್ತೇನೆ. ಯಾಕೆಂದರೆ ಭಾರತದಲ್ಲಿ ನೆಲದ ಕೆಳಗಿನ ಗ್ಯಾಸ್ ರೈತನದ್ದಲ್ಲ, ಅದರ ರಾಯಲ್ಟಿ ಹೋಗುವುದು ಸರ್ಕಾರಕ್ಕೆ. ನಮ್ಮ ರಸ್ತೆಯ ಅಜ್ಜನಿಗೆ ಸಿಕ್ಕಿದ್ದು ತಂಜಾವೂರಿನ ಅಥವಾ ಗೋದಾವರಿ ಜಿಲ್ಲೆಗಳ ರೈತರಿಗೆ ಸಿಗುವುದಿಲ್ಲ. ಬಾವಿ ಕೆಟ್ಟರೆ ಮಾತ್ರ ಅದು ಅವರ ಪಾಲಿಗೇ.

ನಮ್ಮ ಜಿಲ್ಲೆಗಳಲ್ಲಿ ಬೋರ್‌ವೆಲ್ ನೀರಿನ ಫ್ಲೋರೈಡ್ ಗೊತ್ತಾಗುವ ಹೊತ್ತಿಗೆ ಎಷ್ಟು ಜನರ ಹಲ್ಲು, ಮೂಳೆ ಹಾಳಾಗಿದ್ದವು ಅಂತ ಓದುಗರಿಗೆ ನಾನು ಹೇಳಬೇಕಿಲ್ಲ.

ದೇಶದ ಯಾವುದೇ ಮೂಲೆಯಲ್ಲಿ ಶೇಲ್ ಗ್ಯಾಸಿಗೆ ಕೊರೆಯುವ ಮೊದಲು ಸುತ್ತಲಿನ ಎರಡು ಕಿಲೋಮೀಟರಿನ ಪ್ರತಿ ತೆರೆದ ಬಾವಿ, ಪ್ರತಿ ಬೋರ್‌ವೆಲ್ ಪರೀಕ್ಷೆ ಆಗಬೇಕು. ಕಂಪನಿಯ ಲ್ಯಾಬಿನಲ್ಲಿ ಅಲ್ಲ, ಸರ್ಕಾರದ ಖರ್ಚಿನಲ್ಲಿ, ಹೊರಗಿನ ಲ್ಯಾಬಿನಲ್ಲಿ. ರಿಪೋರ್ಟ್ ರೈತನ ಭಾಷೆಯಲ್ಲಿ, ರೈತನ ಕೈಯಲ್ಲಿ ಇರಬೇಕು. ಅದಿಲ್ಲದೆ ಪರವಾನಗಿ ಕೊಡಬಾರದು. ಹಾಗೆಯೇ ಗೇಲ್ ಕಂಪನಿ ತಾನು ಕೊಳ್ಳುವ ಗ್ಯಾಸ್ ಯಾವ ಸೀಮೆಯದು, ಬಾವಿಯಿಂದ ಬಂದರಿನ ತನಕ ಎಷ್ಟು ಮೀಥೇನ್ ಸೋರುತ್ತದೆ ಅಂತ ಮಾರುವವರಿಂದ ಲೆಕ್ಕ ತೆಗೆದುಕೊಂಡು ಪ್ರಕಟಿಸಲಿ. 20 ವರ್ಷದ ಅವಧಿಯಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಬಿಸಿ ಹಿಡಿದಿಡುತ್ತದೆ. ಸೋರಿಕೆಯ ಲೆಕ್ಕ ಇಲ್ಲದೆ ಸ್ವಚ್ಛ ಅನ್ನುವ ಮಾತನ್ನು ಬೆಂಗಳೂರಿನ ಗ್ರಾಹಕರು ಒಪ್ಪಿಕೊಳ್ಳಬೇಕಿಲ್ಲ.

– ಸುಜಾತಾ, ವಾಷಿಂಗ್ಟನ್ ಕೌಂಟಿ, ಪೆನ್ಸಿಲ್ವೇನಿಯಾ